ಅವಮೌದರ್ಯವೋ, ಅನ್ನಪಾನನಿರೋಧವೋ? ಮುಪ್ಪಿನ ಊಟವನ್ನು ಕುರಿತ ಒಂದು ವಿಮರ್ಶೆ

ಆಹಾರವಿಚಾರ ಜೈನ ಆಚಾರಶಾಸ್ತ್ರಕ್ಕೆ ಹೊಸದಲ್ಲ. ಏನನ್ನು ತಿನ್ನಬೇಕು, ಯಾವ ಹೊತ್ತಿನಲ್ಲಿ ತಿನ್ನಬೇಕು, ಎಷ್ಟು ತಿನ್ನಬೇಕು ಎಂಬ ಮೂರು ಪ್ರಶ್ನೆಗಳನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಎತ್ತಿಕೊಂಡು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಈಚಿನ ವರ್ಷಗಳಲ್ಲಿ ಲೋಕದ ವಿಜ್ಞಾನಿಗಳೂ ಇದೇ ಪ್ರಶ್ನೆಗಳತ್ತ ಬೇರೊಂದು ದಾರಿಯಿಂದ ಬಂದಿದ್ದಾರೆ. ಅವರ ಚಿಂತೆ ಜೀವದಯೆಯಿಂದ ಹೊರಟದ್ದಲ್ಲ. ಭೂಮಿ, ನೀರು, ಹವೆಗಳು ಮನುಷ್ಯನ ಹೊಟ್ಟೆಬಾಕತನವನ್ನು ಎಷ್ಟು ಕಾಲ ತಾಳಿಕೊಂಡಾವು ಎಂಬ ಭಯದಿಂದ ಹೊರಟದ್ದು. ದಾರಿ ಬೇರೆಯಾದರೂ ತಲುಪಿದ ಊರು ಒಂದೇ ಎಂದು ತೋರುವುದರಿಂದ ನಮ್ಮ ಸಭೆಗಳಲ್ಲಿ, ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಸಂತೃಪ್ತಿ ಮೂಡಿದೆ. ಶ್ರಾವಕರು ತಲೆತಲಾಂತರದಿಂದ ಆಚರಿಸಿಕೊಂಡು ಬಂದುದನ್ನೇ ವಿಜ್ಞಾನ ಈಗ ಕಂಡುಕೊಂಡಿದೆ ಎಂಬ ಮಾತು ಪರ್ವದಿನಗಳ ಉಪನ್ಯಾಸಗಳಲ್ಲಿ ಕೇಳಿಬರುತ್ತಲೇ ಇದೆ. ಈ ಸಂತೃಪ್ತಿ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಒಂದೇ ಒಂದು ನಿದರ್ಶನದಿಂದ, ಅಂದರೆ ಮನೆಯ ಹಿರಿಯರ ಊಟದಿಂದ, ಪರೀಕ್ಷಿಸಿ ನೋಡುವುದು ಇಲ್ಲಿನ ಉದ್ದೇಶ.

ಈ ವಿಷಯದಲ್ಲಿ ಹೆಚ್ಚು ಚರ್ಚೆಗೆ ಬಂದಿರುವುದು 2019ರ ಜನವರಿಯಲ್ಲಿ ಈಟ್-ಲ್ಯಾನ್ಸೆಟ್ ಆಯೋಗ ಪ್ರಕಟಿಸಿದ ವರದಿ. ಹದಿನಾರು ದೇಶಗಳ ಮೂವತ್ತೇಳು ವಿದ್ವಾಂಸರು ಕೂಡಿ ಸಿದ್ಧಪಡಿಸಿದ ಈ ವರದಿ ಮನುಷ್ಯನ ಆರೋಗ್ಯ ಮತ್ತು ಭೂಮಿಯ ಆರೋಗ್ಯ ಎರಡಕ್ಕೂ ಒಪ್ಪುವ ಒಂದು ಮಾದರಿ ಆಹಾರವನ್ನು ಗ್ರಾಂ ಲೆಕ್ಕದಲ್ಲಿ ನಿಗದಿಮಾಡಿತು. ದಿನಕ್ಕೆ ತೌಡು ತೆಗೆಯದ ಧಾನ್ಯ 232 ಗ್ರಾಂ, ಬೇಳೆಕಾಳು 75 ಗ್ರಾಂ, ತರಕಾರಿ 300 ಗ್ರಾಂ, ಹಣ್ಣು 200 ಗ್ರಾಂ, ಹಾಲು 250 ಗ್ರಾಂ ಎಂದು ಪಟ್ಟಿ ಸಾಗುತ್ತದೆ. ಮಾಂಸ, ಮೊಟ್ಟೆ, ಮೀನುಗಳಿಗೆ ಅಲ್ಪ ಸ್ಥಾನವಿದ್ದು, ಅವುಗಳನ್ನು ಪೂರ್ತಿಯಾಗಿ ಬಿಟ್ಟರೂ ಬಾಧಕವಿಲ್ಲ. ಆಲೂಗೆಡ್ಡೆ ಮೊದಲಾದ ಪಿಷ್ಟಭರಿತ ಗೆಡ್ಡೆಗಳಿಗೆ ಕೇವಲ 50 ಗ್ರಾಂ. ಕಂದಮೂಲಗಳನ್ನು ವರ್ಜಿಸಿದ ನಮ್ಮವರಿಗೆ ಈ ಕೊನೆಯ ಅಂಕಿ ಎಷ್ಟು ಹಿತವಾಗಿ ಕೇಳಿಸಿರಬೇಕೆಂದು ಊಹಿಸಬಹುದು. ಆದರೆ ಅವರು ಗೆಡ್ಡೆಯನ್ನು ಮಿತಿಗೊಳಿಸಿದ್ದು ದೇಹದ ಆರೋಗ್ಯದ ಲೆಕ್ಕದಿಂದ. ನಾವು ಬಿಟ್ಟದ್ದು ಅನಂತಕಾಯ ಜೀವಗಳ ಲೆಕ್ಕದಿಂದ. ಫಲ ಒಂದಾದ ಮಾತ್ರಕ್ಕೆ ಹೇತು ಒಂದಾಗುವುದಿಲ್ಲ.

ಈ ವರದಿಯ ತಟ್ಟೆಯ ಮುಂದೆ ಕುಳಿತಿರುವವರು ಯಾರು? ದಿನಕ್ಕೆ 2500 ಕಿಲೋಕ್ಯಾಲೊರಿ ಎಂಬ ಅಳತೆಯನ್ನು ಆಯೋಗ ತೆಗೆದುಕೊಂಡದ್ದು ಮೂವತ್ತು ವರ್ಷದ, 70 ಕಿಲೋ ತೂಕದ ಪುರುಷನನ್ನೂ ಅದೇ ವಯಸ್ಸಿನ 60 ಕಿಲೋ ತೂಕದ ಸ್ತ್ರೀಯನ್ನೂ ಆಧಾರವಾಗಿಟ್ಟುಕೊಂಡು. ಮಾದರಿ ಮಾತ್ರ ಎರಡು ವರ್ಷ ದಾಟಿದ ಆರೋಗ್ಯವಂತರೆಲ್ಲರಿಗೂ ಅನ್ವಯಿಸುವಂಥದು. ಮೂವತ್ತರ ಮೈಗೆ ಅಳೆದು ಹೊಲಿದ ಅಂಗಿಯನ್ನು ಎಪ್ಪತ್ತೈದರ ಮೈಗೆ ತೊಡಿಸಿದಂತಾಯಿತು. ಮುಪ್ಪಿನಲ್ಲಿ ದೇಹಕ್ಕೆ ಬೇಕಾದ ಒಟ್ಟು ಶಕ್ತಿ ಕಡಿಮೆಯಾಗುತ್ತದೆ, ನಿಜ. ಆದರೆ ಸ್ನಾಯುಗಳನ್ನು ಉಳಿಸಿಕೊಳ್ಳಲು ಬೇಕಾದ ಪ್ರೋಟೀನು ಕಡಿಮೆಯಾಗುವುದಿಲ್ಲ; ತಿಂದ ಪ್ರೋಟೀನನ್ನು ಸ್ನಾಯುವಾಗಿ ಮಾಡಿಕೊಳ್ಳುವ ಸಾಮರ್ಥ್ಯ ಕುಗ್ಗುವುದರಿಂದ ಬೇಕಾದ ಪ್ರಮಾಣ ಏರುತ್ತದೆ ಎಂಬುದೇ ಹಲವು ತಜ್ಞರ ಮತ. ಕಡಿಮೆ ತುತ್ತುಗಳಲ್ಲಿ ಹೆಚ್ಚು ಸತ್ವವಿರಬೇಕಾದ ಕಾಲ ಅದು. 2025ರ ಅಕ್ಟೋಬರಿನಲ್ಲಿ ಹೊರಬಂದ ಪರಿಷ್ಕೃತ ವರದಿ ಆಹಾರದಲ್ಲಿನ ನ್ಯಾಯದ ಪ್ರಶ್ನೆಗೆ ಹೆಚ್ಚಿನ ಒತ್ತು ಕೊಟ್ಟಿತು. ಆ ನ್ಯಾಯ ದೇಶದೇಶಗಳ, ವರ್ಗವರ್ಗಗಳ ನಡುವಿನದು. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಸುತ್ತ ಆಗುವ ಅನ್ಯಾಯವನ್ನು ಇಂಥ ವರದಿಗಳ ಕಣ್ಣು ಮುಟ್ಟಲಾರದು.

ನಮ್ಮ ದೇಶದ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಗಳು ಇದಕ್ಕಿಂತ ನಮಗೆ ಹತ್ತಿರವಾದುವು. ಹದಿನೇಳು ಸೂತ್ರಗಳಲ್ಲಿ ಹದಿನಾರನೆಯದು ವೃದ್ಧರಿಗಾಗಿಯೇ ಮೀಸಲು. 2000 ಕಿಲೋಕ್ಯಾಲೊರಿಯ ಮಾದರಿ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು 300 ಮಿಲಿಲೀಟರು. ಧಾನ್ಯದ ಪಾಲನ್ನು ಇಳಿಸಿ ಕಾಳಿನ ಪಾಲನ್ನು ಏರಿಸಬೇಕೆಂಬ ಅದರ ಒಟ್ಟು ಧೋರಣೆ ಸರಿಯಾದುದು. ಆದರೆ ತಟ್ಟೆಯಲ್ಲಿ ಬಡಿಸಿದ ಕಾಳನ್ನು ಹಲ್ಲಿಲ್ಲದ ಬಾಯಿ ಏನು ಮಾಡಬೇಕು, ಆ ಕಾಳನ್ನು ಯಾವ ಹೊಲ ಬೆಳೆಯಬೇಕು, ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಮನೆಯಲ್ಲಿ ಅದನ್ನು ಯಾವ ಹೊತ್ತಿಗೆ ಬಡಿಸಬೇಕು ಎಂಬಿವು ದೇಶಕ್ಕೆಲ್ಲ ಒಂದಾದ ಸೂತ್ರಗಳಿಂದ ಉತ್ತರ ಸಿಗುವ ಪ್ರಶ್ನೆಗಳಲ್ಲ. ಅವಕ್ಕಾಗಿ ಒಂದು ನಿರ್ದಿಷ್ಟ ಸೀಮೆಗೆ, ಒಂದು ನಿರ್ದಿಷ್ಟ ಅಡುಗೆಮನೆಗೆ ಹೋಗಬೇಕಾಗುತ್ತದೆ.

ಆ ಸೀಮೆಯಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ಈ ಬಂಡೆಗಳ ನಾಡಿನಲ್ಲಿ ನಮ್ಮವರ ಸಂಖ್ಯೆ ದೊಡ್ಡದೇನಲ್ಲ. ಮಾಗಡಿ ತಾಲ್ಲೂಕಿನ ಸಂಕೀಘಟ್ಟದಂತಹ ಬಸದಿಯುಳ್ಳ ಹಳ್ಳಿ, ಪೇಟೆಗಳಲ್ಲಿ ವ್ಯಾಪಾರಕ್ಕಾಗಿ ನೆಲೆನಿಂತ ಕುಟುಂಬಗಳು, ಅಷ್ಟೆ. ಆದರೆ ಸುಸ್ಥಿರವಾದ ಆಹಾರ ಎಂದು ಇಂದು ಜಗತ್ತು ಯಾವುದನ್ನು ಹುಡುಕುತ್ತಿದೆಯೋ ಅದು ಈ ನೆಲದಲ್ಲಿ ಒಂದು ಬೇಸಾಯ ಪದ್ಧತಿಯಾಗಿಯೇ ಇದ್ದಿತು. ಅದರ ಹೆಸರು ಅಕ್ಕಡಿ ಸಾಲು. ಮುಂಗಾರಿನ ಮಳೆ ನಂಬಿ ಬಿತ್ತಿದ ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಸಾಲು. ರಾಗಿ ಕೊಯ್ಲಾದ ಮೇಲೂ ಅವರೆ ಇಬ್ಬನಿ ಕುಡಿದು ಕಾಯಿಬಿಡುತ್ತದೆ. ಕಾಳಿನ ಗಿಡಗಳ ಬೇರು ನೆಲಕ್ಕೆ ಸಾರಜನಕವನ್ನು ಸೇರಿಸುತ್ತದೆ. ಹುಚ್ಚೆಳ್ಳಿನ ಹಳದಿ ಹೂವು ಜೇನುನೊಣಗಳನ್ನು ಕರೆಯುತ್ತದೆ. ನೀರಾವರಿಯಿಲ್ಲದೆ, ಹೊರಗಿನಿಂದ ಹೆಚ್ಚೇನನ್ನೂ ಬೇಡದೆ, ಒಂದೇ ಹೊಲ ಹಿಟ್ಟು, ಕಾಳು, ಎಣ್ಣೆ ಮೂರನ್ನೂ ಕೊಡುತ್ತಿತ್ತು.

ಪೋಷಣೆಯ ದೃಷ್ಟಿಯಿಂದ ನೋಡಿದರೆ ಈ ಜೋಡಿ ಆಕಸ್ಮಿಕವಲ್ಲವೇನೋ ಎನಿಸುತ್ತದೆ. ರಾಗಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಗಂಧಕಯುಕ್ತ ಅಮೈನೋ ಆಮ್ಲಗಳು ಸಾಕಷ್ಟಿವೆ. ಅವರೆ, ತೊಗರಿ, ಹುರುಳಿಗಳಲ್ಲಿ ಇದಕ್ಕೆ ತದ್ವಿರುದ್ಧ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ರಾಗಿಯ ಇನ್ನೊಂದು ಗುಣ ನಮ್ಮ ಓದುಗರಿಗೆ ವಿಶೇಷವಾಗಿ ಪ್ರಿಯವಾಗಬೇಕು. ಈ ಪುಟ್ಟ ಕಾಳಿಗೆ ಹುಳು ಸುಲಭವಾಗಿ ಬೀಳುವುದಿಲ್ಲ. ಹಗೇವುಗಳಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿ ಮತ್ತು ರಾಗಿಗಳ ಜಗಳವನ್ನು ತೀರ್ಮಾನಿಸಲು ಅವೆರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಕಥೆ ಎಲ್ಲರಿಗೂ ಗೊತ್ತು. ಗೆದ್ದದ್ದು ಹೆಚ್ಚು ಬೆಳ್ಳಗಿದ್ದುದಲ್ಲ, ಕಾಲವನ್ನು ತಾಳಿಕೊಂಡದ್ದು. ವಿಷದ ಗುಳಿಗೆಯಿಡದೆ, ಒಂದು ಜೀವವನ್ನೂ ಕೊಲ್ಲದೆ ಕಾಪಿಡಬಹುದಾದ ಧಾನ್ಯವೆಂಬ ಕಾರಣಕ್ಕಾಗಿಯೇ ರಾಗಿಗೆ ನಮ್ಮ ಅಡುಗೆಮನೆಗಳಲ್ಲಿ ಅಗ್ರಸ್ಥಾನ ಸಲ್ಲಬೇಕಿತ್ತು. ಆದರೆ ಆದದ್ದೇನು? ಅನುಕೂಲಸ್ಥರಾದ ನಮ್ಮ ಮನೆಗಳು ಅಕ್ಕಿಯನ್ನು ಪ್ರತಿಷ್ಠೆಯೆಂದೂ ರಾಗಿಯನ್ನು ಆಳುಕಾಳಿನ ಊಟವೆಂದೂ ಭಾವಿಸಿ ದೂರವಿಟ್ಟವು. ಈಗ ಅದು ಸಕ್ಕರೆ ಕಾಯಿಲೆಯ ಔಷಧವೆಂಬ ವೇಷದಲ್ಲಿ, ವೈದ್ಯರ ಚೀಟಿಯ ಮೂಲಕ ಮರಳಿ ಬಂದಿದೆ. ಈ ಕೀರ್ತಿಯೂ ಅತಿಯಾದುದೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ. ರಾಗಿಯಲ್ಲಿರುವ ಕಬ್ಬಿಣದ ಬಹುಭಾಗ ದೇಹಕ್ಕೆ ದಕ್ಕುವುದೂ ಇಲ್ಲ. ಅದರ ನಿಜವಾದ ಬಲ ಸುಣ್ಣದ ಅಂಶ ಮತ್ತು ನಾರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿಗಳು ಇದರ ಹತ್ತಿರಕ್ಕೂ ಬರಲಾರವು.

ಇನ್ನು ಒಂದು ಲೆಕ್ಕ. ಎಪ್ಪತ್ತು ದಾಟಿದ, ಸುಮಾರು 55 ಕಿಲೋ ತೂಕದ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಮಧ್ಯಾಹ್ನ ಒಂದು ಮುದ್ದೆ, ಹಿಡಿ ಅನ್ನ, ಸಾರು. ಬೆಳಿಗ್ಗೆ ಮತ್ತು ಸೂರ್ಯಾಸ್ತಕ್ಕೆ ಮುನ್ನ ಅಷ್ಟಿಷ್ಟು ಹಾಲು ಮಜ್ಜಿಗೆ. ಒಟ್ಟು ರಾಗಿಹಿಟ್ಟು 100 ಗ್ರಾಂ ಎಂದರೆ 7 ಗ್ರಾಂ ಪ್ರೋಟೀನು, ಅಕ್ಕಿ 50 ಗ್ರಾಂ ಎಂದರೆ 4, ಬೇಳೆ 30 ಗ್ರಾಂ ಎಂದರೆ ಏಳಕ್ಕಿಂತ ತುಸು ಕಡಿಮೆ, ಹಾಲು 200 ಮಿಲಿಲೀಟರು ಎಂದರೆ ಆರು ಚಿಲ್ಲರೆ. ಎಲ್ಲ ಸೇರಿ 24 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಮಾಡಿದ ಪ್ರಮಾಣ ಕಿಲೋ ದೇಹತೂಕಕ್ಕೆ 0.83 ಗ್ರಾಂ, ಅಂದರೆ ಈ ತಾಯಿಗೆ ಸುಮಾರು 46. ವೃದ್ಧರಿಗೆ ಕಿಲೋಗೆ ಒಂದು ಗ್ರಾಮಿನಿಂದ 1.2 ಗ್ರಾಮಿನವರೆಗೆ ಬೇಕೆನ್ನುವ ತಜ್ಞರ ಮಾತನ್ನು ಒಪ್ಪಿದರೆ 55ರಿಂದ 66. ಅರ್ಧವೂ ಸಿಗಲಿಲ್ಲ. ಕ್ಯಾಲ್ಸಿಯಂ ಲೆಕ್ಕವೂ ಅಷ್ಟೆ: ರಾಗಿ ಮತ್ತು ಹಾಲು ಕೂಡಿ 600 ಮಿಲಿಗ್ರಾಮಿನ ಆಸುಪಾಸು ಕೊಟ್ಟಾವು, ಅರವತ್ತು ಮೀರಿದವರಿಗೆ ಬೇಕಾದದ್ದು 1200. ಈ ಊಟ ಭೂಮಿಯ ಮೇಲೆ ಅತ್ಯಂತ ಹಗುರವಾದುದು, ಸಂದೇಹವಿಲ್ಲ. ಯಾವ ಪರಿಸರವಾದಿಯೂ ತಲೆದೂಗಬೇಕು. ಆದರೆ ಅದನ್ನು ಉಣ್ಣುವ ತಾಯಿಯ ತೊಡೆ ತೋಳುಗಳು ತಿಂಗಳು ತಿಂಗಳಿಗೆ ಕರಗುತ್ತಿರುತ್ತವೆ. ಒಂದು ದಿನ ಬಚ್ಚಲಲ್ಲಿ ಕಾಲುಜಾರಿ ಸೊಂಟದ ಮೂಳೆ ಮುರಿದಾಗ ನಾವು ಕರ್ಮೋದಯವೆಂದು ಸಮಾಧಾನ ಹೇಳಿಕೊಳ್ಳುತ್ತೇವೆ.

ಈ ಕೊರತೆ ಬಡತನದಿಂದಲೇ ಆಗಬೇಕೆಂದಿಲ್ಲ. ಅಡುಗೆಯ ಕ್ರಮದಲ್ಲಿಯೇ ಅದು ಅಡಗಿರುತ್ತದೆ. ಈ ಸೀಮೆಯ ಬಸ್ಸಾರನ್ನೇ ನೋಡಿ. ಸೊಪ್ಪು ಕಾಳುಗಳನ್ನು ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ಕೂಡಿಸಿದರೆ ಸಾರು. ಉಳಿದ ಸೊಪ್ಪು ಕಾಳು ಪಲ್ಯ. ಹಲ್ಲಿಲ್ಲದ ಹಿರಿಯರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ಬದಿಗೆ ಸರಿಸುತ್ತಾರೆ. ಹುರುಳಿ ಕಟ್ಟಿನ ಕಥೆಯೂ ಇದೇ. ಕಟ್ಟು ಮುದುಕರಿಗೆ, ಬೆಂದ ಹುರುಳಿ ದನಗಳಿಗೆ. ನೂರು ಗ್ರಾಮಿನಲ್ಲಿ ಇಪ್ಪತ್ತು ಗ್ರಾಂ ಮೀರಿ ಪ್ರೋಟೀನುಳ್ಳ ಕಾಳು ಹಟ್ಟಿಗೆ ಹೋಗಿ, ಅದರ ತಿಳಿ ಮಾತ್ರ ಮನೆಯ ಹಿರಿಯರಿಗೆ ಉಳಿಯುತ್ತದೆ. ಯಾರ ದುರುದ್ದೇಶವೂ ಇಲ್ಲಿಲ್ಲ, ಗಮನವಿಲ್ಲ ಅಷ್ಟೆ. ಅದೇ ಸೊಪ್ಪು ಬೇಳೆಗಳನ್ನು ಬಸಿಯದೆ ಮಸೆದು ಮಸ್ಸೊಪ್ಪು ಮಾಡಿದರೆ ಏನೂ ಸೋರಿಹೋಗುವುದಿಲ್ಲ. ಬೆಂದ ಹುರುಳಿಯನ್ನು ಅರೆದು ಕಟ್ಟಿಗೇ ಮರಳಿ ಸೇರಿಸಬಹುದು. ಮಾಗಡಿಯ ಸೊಗಡವರೆಯ ಕಾಲ ಬಂದಾಗ ಹಿತಕಿದ ಬೇಳೆಯಂತೂ ಮುಪ್ಪಿನ ಬಾಯಿಗೆಂದೇ ಹುಟ್ಟಿದ ಅಡುಗೆ: ಸಿಪ್ಪೆ ಕಳೆದದ್ದು, ಬೆಂದರೆ ಬೆಣ್ಣೆಯಾಗುವಂಥದು. ಅವರೆಯಲ್ಲಿ ಹುಳುವಿರುತ್ತದೆಂದು ಅದನ್ನು ಬಿಟ್ಟವರೂ ನಮ್ಮಲ್ಲಿದ್ದಾರೆ. ಆ ಶಂಕೆ ಸಹಜವೇ. ಆದರೆ ಒಂದೊಂದು ಕಾಯನ್ನೂ ಸುಲಿದು, ಕಂಡ ಹುಳುವನ್ನು ನೋಯಿಸದೆ ಗಿಡದ ಬುಡಕ್ಕೆ ಬಿಟ್ಟು, ಕಾಳನ್ನು ಆರಿಸಿಕೊಳ್ಳುವ ಕೆಲಸವನ್ನು ಯತ್ನಾಚಾರವೆನ್ನದೆ ಮತ್ತೇನನ್ನುವುದು? ಒಂದೂ ಹುಳುವಿಲ್ಲದ ಕಾಯಿ ಮಾರುಕಟ್ಟೆಯಲ್ಲಿ ಸಿಕ್ಕಿದರೆ, ಅದಕ್ಕೆ ಮೊದಲೇ ಎಷ್ಟು ಹುಳುಗಳು ವಿಷದಿಂದ ಸತ್ತಿರಬಹುದೆಂಬುದನ್ನೂ ಯೋಚಿಸಬೇಕು.

ಇಲ್ಲಿಂದ ಪ್ರಶ್ನೆ ಶಾಸ್ತ್ರದ ಅಂಗಳಕ್ಕೆ ಬರುತ್ತದೆ. ಕಡಿಮೆ ಉಣ್ಣುವುದು ನಮ್ಮಲ್ಲಿ ತಪಸ್ಸು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೇಳುವ ಆರು ಬಾಹ್ಯತಪಗಳಲ್ಲಿ ಅನಶನದ ಅನಂತರ ಬರುವುದೇ ಅವಮೌದರ್ಯ. ಸಂಪ್ರದಾಯ ಇದಕ್ಕೆ ಅಳತೆಯನ್ನೂ ಕೊಟ್ಟಿದೆ. ಪುರುಷನ ಪೂರ್ಣಾಹಾರ ಮೂವತ್ತೆರಡು ಕವಳ, ಸ್ತ್ರೀಯದು ಇಪ್ಪತ್ತೆಂಟು. ಅದಕ್ಕಿಂತ ಒಂದಾದರೂ ಕಡಿಮೆಮಾಡಿಕೊಂಡರೆ ಅವಮೌದರ್ಯ. ಈ ಅಳತೆಯ ಅಂತರಾರ್ಥವನ್ನು ನಾವು ಮರೆತಂತಿದೆ. ಕಡಿಮೆಮಾಡಿಕೊಳ್ಳಲು ಮೊದಲು ಪೂರ್ಣವೊಂದಿರಬೇಕು. ಮೂವತ್ತೆರಡನ್ನು ಉಣ್ಣಬಲ್ಲವನು ಹಸಿವಿದ್ದೂ ಮೂವತ್ತಕ್ಕೆ ಕೈ ತೊಳೆದರೆ ಅದು ತಪಸ್ಸು. ಹಲ್ಲು ಹೋಗಿ, ರುಚಿ ಕೆಟ್ಟು, ಜೊತೆಗೆ ಕುಳಿತು ಉಣ್ಣುವವರಿಲ್ಲದೆ, ಹತ್ತು ಕವಳಕ್ಕೆ ಎದ್ದುಬಿಡುವ ಮುದುಕರದು ಯಾವ ತಪಸ್ಸು? ಅಲ್ಲಿ ಇಚ್ಛಾನಿರೋಧವಿಲ್ಲ, ಇಚ್ಛೆಯೇ ಬತ್ತಿದೆ. ಷೋಡಶಭಾವನೆಗಳನ್ನು ಪಠಿಸುವಾಗ ನಾವು ಶಕ್ತಿತಸ್ತಪವೆನ್ನುತ್ತೇವೆ. ಶಕ್ತಿಗೆ ತಕ್ಕಂತೆ ಎಂಬ ಆ ಮಾತು ಅಲಂಕಾರಕ್ಕೆ ಸೇರಿದ್ದಲ್ಲ.

ಮಗ್ಗುಲಲ್ಲೇ ಇನ್ನೊಂದು ಮಾತಿದೆ. ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಹೊರೆ ಹೊರಿಸುವುದು ಎಂಬ ನಾಲ್ಕರ ಮುಂದೆ ಐದನೆಯದಾಗಿ ಬರುವುದು ಅನ್ನಪಾನನಿರೋಧ, ಅಂದರೆ ನಮ್ಮ ಆಶ್ರಯದಲ್ಲಿರುವ ಜೀವಿಗೆ ಅನ್ನನೀರುಗಳನ್ನು ತಡೆಯುವುದು. ವ್ಯಾಖ್ಯಾನಗಳನ್ನು ಓದುವಾಗ ನಮ್ಮ ಮನಸ್ಸಿಗೆ ಸಾಮಾನ್ಯವಾಗಿ ದನಕರುಗಳೇ ಬರುತ್ತವೆ. ಆದರೆ ತಟ್ಟೆಗೆ ಬಡಿಸಿದ್ದು ದಕ್ಕಿತೋ ಇಲ್ಲವೋ ಎಂದು ನೋಡದೆ, ಅಜ್ಜಿ ಈಗ ಒಪ್ಪತ್ತು ಮಾತ್ರ, ಅವರದು ದೊಡ್ಡ ಸಂಯಮ ಎಂದು ಬಂದವರೆದುರು ಹೊಗಳುವ ಮನೆಯಲ್ಲಿ ಈ ಐದನೆಯ ಅತಿಚಾರ ನಡೆಯುತ್ತಿಲ್ಲವೆಂದು ಯಾರು ಹೇಳಬಲ್ಲರು? ಅವಮೌದರ್ಯ ಉಣ್ಣುವವರ ವ್ರತ, ಬಡಿಸುವವರದಲ್ಲ. ಬಡಿಸುವವರಿಗೆ ಶಾಸ್ತ್ರ ಬೇರೊಂದನ್ನು ವಿಧಿಸಿದೆ. ಅದು ಆಭ್ಯಂತರ ತಪಗಳಲ್ಲಿ ಸೇರಿದ ವೈಯಾವೃತ್ತ್ಯ. ಅದಕ್ಕೆ ಪಾತ್ರರಾದ ಹತ್ತು ಬಗೆಯ ಮುನಿಗಳಲ್ಲಿ ಗ್ಲಾನ, ಅಂದರೆ ರೋಗದಿಂದ ಬಳಲಿದವರು, ಪ್ರತ್ಯೇಕವಾಗಿ ಎಣಿಕೆಗೊಂಡಿದ್ದಾರೆ. ಮುನಿಗಳಿಗೆ ಸಲ್ಲುವ ಶುಶ್ರೂಷೆ ಹೆತ್ತವರಿಗೆ ಸಲ್ಲಬಾರದೆಂದು ಎಲ್ಲಿಯೂ ಹೇಳಿಲ್ಲ. ಬಾಹ್ಯತಪವನ್ನು ಹಿರಿಯರಿಂದ ಮಾಡಿಸಿ, ಆಭ್ಯಂತರ ತಪವನ್ನು ತಾವು ಕೈಬಿಡುವ ಈ ಅದಲುಬದಲು ನಮ್ಮ ಕಾಲದ ವಿಶೇಷ.

ಪೋಷಣಾಶಾಸ್ತ್ರ ಮತ್ತು ಶ್ರಾವಕಾಚಾರ ಎಲ್ಲೆಡೆಯೂ ಕೈಕೈ ಹಿಡಿದು ನಡೆಯುತ್ತವೆಂದು ಹೇಳುವುದು ಪ್ರಾಮಾಣಿಕವಾಗದು. ರಾಗಿಯ ಸತ್ವ ದೇಹಕ್ಕೆ ಚೆನ್ನಾಗಿ ದಕ್ಕಬೇಕಾದರೆ ಅದನ್ನು ಮೊಳಕೆ ಕಟ್ಟಬೇಕು, ಇಲ್ಲವೆ ರಾತ್ರಿ ಹುಳಿಬಿಟ್ಟು ಅಂಬಲಿ ಮಾಡಬೇಕು ಎನ್ನುತ್ತಾರೆ ಆಹಾರತಜ್ಞರು. ಮೊಳಕೆಯನ್ನು ಅನಂತಕಾಯವೆಂದು ಬಿಟ್ಟವರು ನಮ್ಮಲ್ಲಿ ಅನೇಕರು; ರಾತ್ರಿ ಕಳೆದ ಅಂಬಲಿ ತಂಗಳು, ಚಲಿತರಸ. ಇದನ್ನು ಮುಚ್ಚಿಟ್ಟು ಮೊಳಕೆ ರಾಗಿಯ ಹಿಟ್ಟನ್ನು ಹೊಗಳುವ ಲೇಖನಗಳು ನಮ್ಮ ಪತ್ರಿಕೆಗಳಲ್ಲಿಯೇ ಬಂದಾಗ ಮುಜುಗರವಾಗುತ್ತದೆ. ವ್ರತ ಪಾಲಿಸುವವರಿಗೆ ಈ ನಾಡೇ ಕೊಟ್ಟಿರುವ ದಾರಿ ಹುರಿಹಿಟ್ಟು. ರಾಗಿಯನ್ನು ಅರಳಾಗಿ ಹುರಿದು ಬೀಸಿದ ಹಿಟ್ಟಿಗೆ ಕಾಯಿಸಿದ ಹಾಲು, ಬೆಲ್ಲ, ತುಸು ತುಪ್ಪ ಕೂಡಿಸಿದರೆ ಹಲ್ಲಿಲ್ಲದವರೂ ಉಣ್ಣಬಹುದು. ಸಕ್ಕರೆ ಕಾಯಿಲೆಯವರು ಬೆಲ್ಲವನ್ನು ಬಿಡಬೇಕಷ್ಟೆ. ಊಟದಲ್ಲಿ ನಿಂಬೆ ಅಥವಾ ನೆಲ್ಲಿಯಿದ್ದರೆ ಕಬ್ಬಿಣ ಹೆಚ್ಚು ದಕ್ಕುತ್ತದೆ. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ ಏಳು, ಬೇಸಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು ದಿನವೆಂಬ ನಿಯಮವನ್ನು ಪಾಲಿಸುವ ಮನೆಗಳಿಗೆ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಪೊಟ್ಟಣದ ಹಿಟ್ಟು ಹೇಗೂ ನಿಷಿದ್ಧ. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟಾಗ ಅದರ ಸ್ಥಾನದಲ್ಲಿ ಏನು ಬರಬೇಕೆಂಬುದನ್ನು ಮಾತ್ರ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ನಾಲ್ಕು ತಿಂಗಳು ಬರಿಯ ಅನ್ನ, ತಿಳಿಸಾರಿನಲ್ಲಿ ಕಳೆಯುವ ಹಿರಿಯರಿದ್ದಾರೆ.

ಬಿ12 ಜೀವಸತ್ವದ ವಿಷಯ ಇನ್ನೂ ಗಂಭೀರ. ಸಸ್ಯಗಳಲ್ಲಿ ಅದು ಇಲ್ಲ. ಸಸ್ಯಾಹಾರಿಗೆ ಹಾಲೊಂದೇ ಮೂಲ. ವಯಸ್ಸಾದಂತೆ ಜಠರದ ಆಮ್ಲ ಕುಗ್ಗಿ ಹಾಲಿನಲ್ಲಿರುವುದೂ ಪೂರ್ತಿ ದಕ್ಕುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಾನುಗಟ್ಟಲೆ ನುಂಗಿದವರಲ್ಲಿ ಕೊರತೆ ಇನ್ನೂ ಹೆಚ್ಚು. ಪಾದಗಳು ಮರಗಟ್ಟುವುದು, ನಡೆ ತೂರಾಡುವುದು, ಮರೆವು ಕವಿಯುವುದು ಇದರ ಲಕ್ಷಣಗಳು. ನಾವು ಇವುಗಳಿಗೆ ವಯಸ್ಸಾಯಿತು ಎಂಬ ಒಂದೇ ಹೆಸರಿಟ್ಟು ಕೈಬಿಡುತ್ತೇವೆ. ಒಂದು ರಕ್ತಪರೀಕ್ಷೆ, ಆಮೇಲೆ ಗುಳಿಗೆಯೋ ಚುಚ್ಚುಮದ್ದೋ ಸಾಕಾಗಬಹುದಾದಲ್ಲಿ ವರ್ಷಗಳು ಉರುಳಿಹೋಗುತ್ತವೆ. ಬಿ12ನ್ನು ಕಾರ್ಖಾನೆಗಳಲ್ಲಿ ತಯಾರಿಸುವುದು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ. ಇಲ್ಲಿ ಪಂಚೇಂದ್ರಿಯ ಜೀವಿಯ ವಧೆಯಿಲ್ಲ. ಆದರೆ ಔಷಧಗಳ ಮೃದು ಕವಚಗಳು ಬಹುಮಟ್ಟಿಗೆ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜಿಲೆಟಿನ್‌ನಿಂದ ಆದವು. ಕವಚದ ಬದಲು ಗುಳಿಗೆಯನ್ನು ಕೇಳಿ ಪಡೆಯುವುದು ಕಷ್ಟವೇನಲ್ಲ. ಹಾಗೆಯೇ ಡಿ3 ಜೀವಸತ್ವ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುವಂಥದು. ಕಲ್ಲುಹೂವಿನಿಂದ ತೆಗೆದದ್ದೂ ದೊರೆಯುತ್ತದೆ. ತಟ್ಟೆಯಲ್ಲಿ ಕಾಳು ಕಾಳನ್ನೂ ಸೋಸುವ ನಾವು ಔಷಧದ ಡಬ್ಬಿಯ ವಿಷಯದಲ್ಲಿ ಕಣ್ಣುಮುಚ್ಚಿಕೊಳ್ಳುತ್ತೇವೆ. ಕೆಲವರು ಅದೇ ಶಂಕೆಯಿಂದ ಔಷಧವನ್ನೇ ಬಿಟ್ಟುಬಿಡುತ್ತಾರೆ. ಎರಡೂ ವಿಚಾರಹೀನತೆಯೇ. (ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದುದು. ಅಲ್ಲಿಂದ ಹೊರಟ ಗೂಡಿನೊಳಗಿನ ಜೀವ ಬಿಸಿಯಲ್ಲಿ ಸಾಯದೆ ನೂಲು ಬರುವುದಿಲ್ಲ. ಆ ನೂಲಿನ ಪಟ್ಟೆಯುಟ್ಟು ಪೂಜೆಗೆ ಕುಳಿತು ಅವರೆಯ ಹುಳುವನ್ನು ಚರ್ಚಿಸುವ ನಮ್ಮ ಸ್ಥಿತಿಯ ಬಗೆಗೆ ಬೇರೆಯೇ ಲೇಖನ ಬೇಕಾದೀತು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಎಷ್ಟೋ ಈಗ ಕೊಳವೆಬಾವಿಯ ನೀರು ಕುಡಿಯುವ ಹಿಪ್ಪುನೇರಳೆಯ ತೋಟಗಳು.)

ರಾತ್ರಿಭೋಜನತ್ಯಾಗದ ಹಿರಿಮೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಆದರೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಲವಾಗಿ ಇಳಿಸುವ ಗುಳಿಗೆಗಳನ್ನು ತೆಗೆದುಕೊಳ್ಳುವ ಹಿರಿಯರು ಸಂಜೆ ಆರರಿಂದ ಬೆಳಗಿನವರೆಗೆ ಏನನ್ನೂ ಮುಟ್ಟದಿದ್ದರೆ ನಡುರಾತ್ರಿ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ವ್ರತವನ್ನು ಬಿಡಬೇಕೆಂದಲ್ಲ. ವ್ರತದ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಔಷಧದ ಹೊತ್ತು, ಪ್ರಮಾಣಗಳನ್ನು ಅವರು ಬದಲಿಸಬಲ್ಲರು. ಹೇಳಲು ಸಂಕೋಚಪಡುವವರೇ ಹೆಚ್ಚು. ಬೇಸಗೆಯಲ್ಲಿ ನೀರನ್ನೂ ಬಿಡುವವರು ಹಗಲಿನಲ್ಲಿ ಬಾಯಾರಿಕೆಗೆ ಕಾಯದೆ ಕುಡಿಯಬೇಕು. ಮುಪ್ಪಿನಲ್ಲಿ ಬಾಯಾರಿಕೆಯ ಅರಿವೇ ಮಂದವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಸಲ್ಲೇಖನದ ಮಾತು ಬಾರದೆ ಇರದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಸಂಥಾರಾ ಆಚರಣೆಯನ್ನು ಅಪರಾಧವೆಂದು ತೀರ್ಪಿತ್ತಾಗ, ಅದೇ ತಿಂಗಳ ಕೊನೆಯ ದಿನ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಾಗ, ನಾವೆಲ್ಲ ಒಂದೇ ಕಂಠದಿಂದ ವಾದಿಸಿದೆವು: ಇದು ಆತ್ಮಹತ್ಯೆಯಲ್ಲ, ಇದಕ್ಕೆ ಕಠಿಣವಾದ ನಿಬಂಧನೆಗಳಿವೆ ಎಂದು. ವಾದ ಸರಿಯಾದುದೇ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೆಸರಿಸಿ ಅವು ಪ್ರತೀಕಾರವಿಲ್ಲದಂಥವಾಗಿರಬೇಕೆಂಬ ವಿಶೇಷಣವನ್ನು ಇಟ್ಟಿದ್ದಾರೆ. ನ್ಯಾಯಾಲಯದೆದುರು ನಮ್ಮನ್ನು ಕಾಯ್ದ ಆ ವಿಶೇಷಣಕ್ಕೆ ಮನೆಯೊಳಗೆ ನಾವು ಎಷ್ಟು ನಿಷ್ಠರಾಗಿದ್ದೇವೆ? ಮಸ್ಸೊಪ್ಪಿನಿಂದ, ಒಂದು ಗುಳಿಗೆಯಿಂದ, ಹೊಸ ಹಲ್ಲುಕಟ್ಟಿನಿಂದ ಪರಿಹಾರವಾಗಬಹುದಾದ ಕ್ಷೀಣತೆಗೆ ಪ್ರತೀಕಾರವಿದೆ. ಪ್ರತೀಕಾರವಿರುವಾಗ ಸುಮ್ಮನಿದ್ದು, ಹಿರಿಯರು ತಾವಾಗಿಯೇ ಆಹಾರ ಬಿಡುತ್ತಿದ್ದಾರೆ, ಪುಣ್ಯಾತ್ಮರು ಎನ್ನುವುದು ಆ ಮಹಾವ್ರತದ ಹೆಸರಿಗೇ ಕಳಂಕ.

ದಶಲಕ್ಷಣಪರ್ವ ಮುಗಿದ ಮೇಲೆ ಎಂಬತ್ತರ ಪ್ರಾಯದಲ್ಲಿ ಹತ್ತು ಉಪವಾಸಗಳನ್ನು ಪೂರೈಸಿದವರ ಹೆಸರುಗಳನ್ನು ನಮ್ಮ ಪತ್ರಿಕೆಗಳು ಭಾವಚಿತ್ರಸಹಿತ ಪ್ರಕಟಿಸುತ್ತವೆ. ಅವರ ತಪಸ್ಸಿಗೆ ತಲೆಬಾಗೋಣ. ಆದರೆ ಪಾರಣೆಯಾದ ಮೇಲಿನ ತಿಂಗಳುಗಳ ಸುದ್ದಿ ಆ ಪುಟಗಳಲ್ಲಿ ಎಂದೂ ಬರುವುದಿಲ್ಲ. ಬಸದಿಯ ಮಂಡಲಿಗಳು ಒಂದು ಸಣ್ಣ ಕೆಲಸ ಮಾಡಬಹುದು. ತೂಕದ ಯಂತ್ರವೊಂದನ್ನು ತಂದಿರಿಸಿ, ಅರವತ್ತೈದು ದಾಟಿದವರ ತೂಕವನ್ನು ತಿಂಗಳಿಗೊಮ್ಮೆ ಬರೆದಿಡುವುದು. ಬೇಕೆಂದು ಇಳಿಸಿಕೊಳ್ಳದೆ ಆರು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ ಐವತ್ತು ಕಿಲೋದವರು ಎರಡೂವರೆ ಕಿಲೋ ಕಳೆದುಕೊಂಡರೆ, ವೈದ್ಯರು ಅದನ್ನು ಎಚ್ಚರಿಕೆಯ ಗುರುತೆಂದು ಎಣಿಸುತ್ತಾರೆ. ಆಗ ಮನೆಯವರೊಡನೆ ಕುಳಿತು, ಹಲ್ಲು ಹೇಗಿದೆ, ಊಟಕ್ಕೆ ಜೊತೆಗೆ ಯಾರು ಕೂರುತ್ತಾರೆ, ಕಾಳು ಹೊಟ್ಟೆಗೆ ಹೋಗುತ್ತಿದೆಯೋ ತಿಳಿ ಮಾತ್ರ ಹೋಗುತ್ತಿದೆಯೋ ಎಂದು ವಿಚಾರಿಸಬೇಕು.